ಬೀಗ ಹಾಕಿದ ಮನೆಗೆ ಬೂಷ್ಟು: ಎರಡು ಮಳೆಗಾಲದ ಲೆಕ್ಕ

ಕಳೆದ ವಾರ ಭೂಮಿ ಹುಣ್ಣಿಮೆಗೆ ಊರಿಗೆ ಹೋಗಿ ಮನೆ ಬೀಗ ತೆಗೆದೆ. ನಾಲ್ಕೂವರೆ ತಿಂಗಳು ಮುಚ್ಚಿದ್ದ ಮನೆ. ಹೋದ ವರ್ಷ ಇದೇ ಹಬ್ಬಕ್ಕೆ ಬಾಗಿಲು ತೆಗೆದಾಗ ಮೂಗು ಮುಚ್ಚಿಕೊಂಡು ಹೊರಗೆ ಓಡಿದ್ದೆ. ಈ ಸಲ ಚಪ್ಪಲಿ ಬಿಟ್ಟು ನೆಟ್ಟಗೆ ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟೆ. ಒಂದು ರೂಮು ಮಾತ್ರ ಇನ್ನೂ ಬಗ್ಗಿಲ್ಲ, ಅದರ ಕಥೆ ಕೊನೆಯಲ್ಲಿ. ಮಾಡಿದ್ದು, ಕೆಡಿಸಿದ್ದು, ಖರ್ಚಾಗಿದ್ದು ಎಲ್ಲ ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮನೆ ತೀರ್ಥಹಳ್ಳಿಯಿಂದ ಆಗುಂಬೆ ರಸ್ತೆಯಲ್ಲಿ ಹೋಗಿ ಒಳಗೆ ತಿರುಗಿದರೆ ಸಿಗುತ್ತದೆ. ಅಜ್ಜ ಕಟ್ಟಿಸಿದ್ದು. ಜಂಬಿಟ್ಟಿಗೆ ಗೋಡೆ, ಮಂಗಳೂರು ಹೆಂಚು, ಕೆಂಪು ಗಾರೆ ನೆಲ. 2009ರಲ್ಲಿ ಅಪ್ಪ ಗೋಡೆಗೆಲ್ಲ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ, ಹಿಂದುಗಡೆ ಒಂದು ಆರ್‌ಸಿಸಿ ರೂಮು ಸೇರಿಸಿದರು. ಅಪ್ಪ ಹೋದ ಮೇಲೆ ಅಮ್ಮ ಬೆಂಗಳೂರಿಗೆ ನಮ್ಮ ಜೊತೆ ಬಂದರು. ತೋಟ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟಿದ್ದೇವೆ. ಮನೆಯನ್ನು ಚೇಣಿಗೆ ಕೊಡೋಕಾಗಲ್ವಲ್ಲ, ಬೀಗ ಹಾಕಿದೆವು.

2023 ಜೂನ್ 4: ಬೀಗ ಹಾಕಿದ್ದು

ಆ ದಿನ ನಾನು ಬಹಳ ಬುದ್ಧಿವಂತ ಅಂದುಕೊಂಡಿದ್ದೆ. ಥಂಡಿ ಗಾಳಿ ಒಳಗೆ ಬರಬಾರದು ಅಂತ ಕಿಟಕಿ ಸಂದಿಗೆಲ್ಲ ಅಗಲದ ಟೇಪ್ ಅಂಟಿಸಿದೆ. ಗವಾಕ್ಷಿಗಳಿಗೆ ಥರ್ಮೋಕೋಲ್ ಕತ್ತರಿಸಿ ತುರುಕಿದೆ. ಹಾಸಿಗೆಗಳನ್ನು ಪ್ಲಾಸ್ಟಿಕ್ ಶೀಟಿನಲ್ಲಿ ಸುತ್ತಿ ಹಗ್ಗ ಬಿಗಿದೆ. ಬೀರುವಿಗೆ ನುಸಿಗುಳಿಗೆ ಹಾಕಿ ಬಾಗಿಲು ಭದ್ರ ಮಾಡಿದೆ. ಸಿಡಿಲಿಗೆ ಹೆದರಿ ಕರೆಂಟಿನ ಮೇನ್ ಆಫ್ ಮಾಡಿದೆ. ಇವುಗಳಲ್ಲಿ ಸರಿಯಾಗಿ ಮಾಡಿದ್ದು ಕೊನೆಯದೊಂದೇ.

2023 ಅಕ್ಟೋಬರ್ 27: ತೆಗೆದದ್ದು

2023 ಮಳೆ ಕೈಕೊಟ್ಟ ವರ್ಷ. ರಾಜ್ಯದಲ್ಲಿ ಬರ ಘೋಷಣೆಯಾಗಿತ್ತು. ಆದರೂ ನಮ್ಮ ಮನೆಯೊಳಗೆ ಬೂಷ್ಟಿಗೆ ಬರ ಇರಲಿಲ್ಲ.

ಬಾಗಿಲು ಉಬ್ಬಿಕೊಂಡು ಭುಜ ಕೊಟ್ಟು ತಳ್ಳಬೇಕಾಯಿತು. ಮುಗ್ಗಲು ವಾಸನೆ ಗಂಟಲಿಗೇ ಬಂತು. ವಾಯವ್ಯದ ಗೋಡೆ ನೆಲದಿಂದ ಮೂರಡಿ ತನಕ ಕಪ್ಪು. ಮರದ ಬೀರು ಹಸಿರು. ಜಗಲಿಯಲ್ಲಿ ಬಿಟ್ಟಿದ್ದ ಅಪ್ಪನ ಚರ್ಮದ ಚಪ್ಪಲಿಗೆ ಬಿಳಿ ಕೂದಲು ಬೆಳೆದು, ಎರಡು ಬೆಕ್ಕಿನ ಮರಿ ಮಲಗಿದ ಹಾಗೆ ಕಾಣುತ್ತಿತ್ತು. ಅಜ್ಜನ ಫೋಟೊದ ಗಾಜಿನ ಒಳಗೆ ಬೂಷ್ಟು ಮೂಲೆಯಿಂದ ಹಬ್ಬಿ, ಕೋಟಿನ ಗುಂಡಿ ದಾಟಿ, ಗದ್ದದ ಹತ್ತಿರ ನಿಂತಿತ್ತು. ಹಾಸಿಗೆ ಹೇಗಿದ್ದರೂ ಪ್ಲಾಸ್ಟಿಕ್ಕಿನಲ್ಲಿದೆ ಅಂತ ಧೈರ್ಯ. ಬಿಚ್ಚಿದರೆ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಸಾಲಾಗಿ ನೀರ ಹನಿ. ಹತ್ತಿ ಹಾಸಿಗೆ ಎರಡು, ಎರಡನ್ನೂ ತೋಟದ ಮೂಲೆಯಲ್ಲಿ ಸುಟ್ಟೆ.

ಅಮ್ಮ ಜಗಲಿ ಮೇಲೆ ಕೂತು ಹೇಳಿದ್ದು ಇಷ್ಟೇ: "ನಾನಿದ್ದಾಗ ಬೆಳಗಾದ್ರೆ ಒಲೆ ಉರೀತಿತ್ತು. ಬೂಷ್ಟಿಗೆ ಕೂರೋಕೆ ಜಾಗ ಎಲ್ಲಿತ್ತು?" ಆಗ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಂತ 1: ತೊಳೆದದ್ದು (ಮೂರು ದಿನ)

ಮೊದಲ ತಪ್ಪು ಮೊದಲ ಹತ್ತು ನಿಮಿಷದಲ್ಲೇ ಆಯಿತು. ಒಣ ಪೊರಕೆ ತಗೊಂಡು ಗೋಡೆ ಗುಡಿಸಿದೆ. ಕಪ್ಪು ಪುಡಿ ಹೊಗೆಯ ಹಾಗೆ ಎದ್ದು ಮನೆ ತುಂಬಾ ಹರಡಿತು. ಮುಖಕ್ಕೆ ಟವೆಲ್ ಮಾತ್ರ ಕಟ್ಟಿದ್ದೆ. ಎರಡು ವಾರ ಕೆಮ್ಮಿದೆ. ಬೂಷ್ಟನ್ನು ಒಣಗಿದ್ದಾಗ ಮುಟ್ಟಲೇಬಾರದು. ಮೊದಲು ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ಹೊಡೆದು ನೆನೆಸಬೇಕು, ಆಮೇಲೆ ಬಟ್ಟೆಯಲ್ಲಿ ಒರೆಸಬೇಕು. ಎನ್95 ಮಾಸ್ಕ್, ರಬ್ಬರ್ ಗ್ಲೌಸ್ ಎರಡೂ ಬೇಕು. ಒರೆಸಿದ ಬಟ್ಟೆಯನ್ನು ತೊಳೆದು ಇಟ್ಟುಕೊಳ್ಳುವ ಜಿಪುಣತನ ಬೇಡ.

ಎರಡನೇ ತಪ್ಪು ಮರಕ್ಕೆ ಬ್ಲೀಚಿಂಗ್ ನೀರು ಹೊಡೆದದ್ದು. ಬೀರು ಬಿಳಿಚಿಕೊಂಡಿತು, ಬೂಷ್ಟು ಹೋದ ಹಾಗೂ ಕಂಡಿತು. ಹದಿನೈದು ದಿನ ಬಿಟ್ಟು ದೀಪಾವಳಿಗೆ ಬಂದರೆ ಅದೇ ಜಾಗದಲ್ಲಿ ಅದೇ ಹಸಿರು. ಟೈಲ್ಸ್ ಮೇಲೆ ಬ್ಲೀಚಿಂಗ್ ಕೆಲಸ ಮಾಡಿತು, ಮರದಲ್ಲಿ ಮಾಡಲಿಲ್ಲ. ಬ್ಲೀಚಿಂಗಿಗೆ ವಿನಿಗರ್ ಬೆರೆಸುವ ಯೋಚನೆ ಮಾತ್ರ ಮಾಡಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ.

ಮರಕ್ಕೆ ಕೊನೆಗೆ ಕೈಹಿಡಿದದ್ದು ಬಿಳಿಗಾರ (ಬೋರಾಕ್ಸ್). ಒಂದು ಲೀಟರ್ ಬಿಸಿನೀರಿಗೆ ನಾಲ್ಕು ದೊಡ್ಡ ಚಮಚ ಕರಗಿಸಿ, ಸೋಪಿನಲ್ಲಿ ತೊಳೆದ ಮರದ ಮೇಲೆ ಬ್ರಷ್ಷಿನಲ್ಲಿ ಬಳಿದೆ. ಒರೆಸದೆ ಹಾಗೇ ಒಣಗಲು ಬಿಟ್ಟೆ. ಒಣಗಿದ ಮೇಲೆ ಬೆಳ್ಳಗೆ ಪುಡಿ ನಿಲ್ಲುತ್ತದೆ, ಅದು ಇರಲಿ ಅಂತಲೇ ಬಿಟ್ಟದ್ದು. ಬೀರುವಿನ ಹಿಂದಿನ ಹಲಗೆ ಮರೆಯಬಾರದು. ನಾನು ಮರೆತು, ಎರಡನೇ ಸಲ ಇಡೀ ಬೀರು ಎಳೆದೆ.

ಹಂತ 2: ಪೇಂಟಿಗೆ ದುಡ್ಡು ಸುರಿದದ್ದು

2023ರ ದೀಪಾವಳಿ ರಜೆಯಲ್ಲಿ, ತೇವ ತಡೆಯುತ್ತದೆ ಅಂತ ಅಂಗಡಿಯವರು ಕೊಟ್ಟ ಪೇಂಟನ್ನು ವಾಯವ್ಯದ ಗೋಡೆಗೆ ಒಳಗಿನಿಂದ ಎರಡು ಕೋಟ್ ಹೊಡೆಸಿದೆ. ಕೂಲಿ ಸೇರಿ 6,800 ರೂಪಾಯಿ. ಹೊಡೆದ ದಿನ ಗೋಡೆ ಮದುವೆ ಮನೆಯ ಹಾಗಿತ್ತು. ಸಂಕ್ರಾಂತಿಗೆ ಬಂದಾಗ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಒಂದು ಗುಳ್ಳೆಯನ್ನು ಉಗುರಿನಲ್ಲಿ ಒತ್ತಿದೆ, ನೀರು ಜಿನುಗಿತು. ಮಳೆ ನಿಂತು ಎಷ್ಟೋ ದಿನ ಆಗಿದೆ, ಗೋಡೆಯೊಳಗೆ ಇನ್ನೂ ನೀರು! ಪೇಂಟಿನ ತಪ್ಪು ಅಂತ ಹೇಳಲಾರೆ. ನೀರು ಎಲ್ಲಿಂದ ಬರುತ್ತಿದೆ ಅಂತ ನೋಡದೆ ಮುಂದಿನ ಬಾಗಿಲು ಮುಚ್ಚಿದ್ದು ನಾನು.

ಹಂತ 3: ನೀರಿನ ದಾರಿ ಹುಡುಕಿದ್ದು (2024 ಜನವರಿ 13–15)

ಇದನ್ನು ಎಲ್ಲಕ್ಕಿಂತ ಮೊದಲು ಮಾಡಬೇಕಿತ್ತು. ಖರ್ಚು ಹೆಚ್ಚುಕಮ್ಮಿ ಸೊನ್ನೆ.

ಪ್ಲಾಸ್ಟಿಕ್ ಶೀಟನ್ನು ಒಂದಡಿ ಚೌಕ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪ್ ಒತ್ತಿ ಗೋಡೆಗೆ ಅಂಟಿಸಿದೆ. ಎರಡು ದಿನ ಬಿಟ್ಟು ನೋಡಿದೆ. ಹನಿ ಪ್ಲಾಸ್ಟಿಕ್ಕಿನ ಹಿಂದೆ, ಗೋಡೆ ಕಡೆ ಇದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ. ಮುಂದೆ, ರೂಮಿನ ಕಡೆ ಇದ್ದರೆ ಗಾಳಿಯ ತೇವ ತಣ್ಣಗಿನ ಮೇಲ್ಮೈಗೆ ತಾಗಿ ಹನಿಯಾಗುತ್ತಿದೆ. ವಾಯವ್ಯದ ಗೋಡೆಯಲ್ಲಿ ಒಂದಡಿ ಎತ್ತರದಲ್ಲಿ ಅಂಟಿಸಿದ್ದರ ಹಿಂದೆ ಹನಿ ಸಾಲು. ಅದೇ ಗೋಡೆಯ ಐದಡಿ ಎತ್ತರದಲ್ಲಿ ಒಣ. ಅಂದರೆ ನೀರು ಬುಡದಿಂದ ಏರುತ್ತಿದೆ.

ಜೊತೆಗೆ ಗಾಳಿಯ ತೇವ ಅಳೆಯುವ ಸಣ್ಣ ಡಿಜಿಟಲ್ ಮೀಟರ್ ಎರಡು ತರಿಸಿದೆ. ಒಂದಕ್ಕೆ 350 ರೂಪಾಯಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಐದು ಅಂಕಿ ವ್ಯತ್ಯಾಸ. ಯಾವುದನ್ನು ನಂಬೋದು? ಅದಕ್ಕೆ ಉಪ್ಪಿನ ಪರೀಕ್ಷೆ ಇದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ನೀರು ಬೆರೆಸಿ, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಬೇಕು. ಸರಿಯಿದ್ದರೆ ಶೇ. 75 ತೋರಿಸಬೇಕು. ಒಂದು 79 ತೋರಿಸಿತು, ಇನ್ನೊಂದು 74. ಮೊದಲನೆಯದರ ಬೆನ್ನಿಗೆ "4 ಕಳೆ" ಅಂತ ಮಾರ್ಕರಿನಲ್ಲಿ ಬರೆದಿಟ್ಟೆ. ಶೇ. 75ರ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಹಬ್ಬ ಅಂತ ಲೆಕ್ಕ ಇಟ್ಟುಕೊಂಡೆ.

ಹಂತ 4: ಹೊರಗಿನ ಕೆಲಸ (ಫೆಬ್ರವರಿ)

ಗೋಡೆ ಹಿಂದೆ ಹೋಗಿ ನೋಡಿದರೆ ಕಾರಣ ಕಣ್ಣೆದುರೇ ಇತ್ತು. ವರ್ಷಾನುಗಟ್ಟಲೆ ಧರೆಯ (ದಿಬ್ಬದ) ಮಣ್ಣು ಜರಿದು ಜರಿದು ಪಂಚಾಂಗ (ಗೋಡೆಯ ಅಡಿಪಾಯ) ಮುಳುಗಿ, ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಆರು ಇಂಚು ಮೇಲೆ ಬಂದಿತ್ತು. ಸೂರಿನ ನೀರೆಲ್ಲ ಅದೇ ಮಣ್ಣಿಗೆ ಬೀಳುತ್ತಿತ್ತು. ನಾಲ್ಕು ತಿಂಗಳು ಕೆಸರಿನಲ್ಲಿ ನಿಂತ ಗೋಡೆ ಇನ್ನೇನು ಮಾಡೀತು?

ಇಬ್ಬರು ಎರಡು ದಿನ ಅಗೆದರು. ಮಣ್ಣು ತೆಗೆದು ಪಂಚಾಂಗ ಬಿಡಿಸಿ, ಗೋಡೆಯಿಂದ ಎರಡಡಿ ಆಚೆ ಚರಂಡಿ ಮಾಡಿಸಿದೆ. ಉದ್ದ 28 ಅಡಿ, ಅಗಲ ಒಂದಡಿ, ಆಳ ಒಂದೂವರೆ ಅಡಿ. ಅದಕ್ಕೆ ಜಲ್ಲಿ ತುಂಬಿ ತೋಟದ ಕಪ್ಪಿಗೆ (ನೀರು ಹೋಗುವ ಕಾಲುವೆಗೆ) ಸೇರಿಸಿದೆವು. ಸೂರಿನ ನೀರು ಹಿಡಿಯಲು ಪಿವಿಸಿ ದೋಣಿ ಕೂರಿಸಿದೆ. ಇದನ್ನು ನಾನೇ ಮಾಡುತ್ತೇನೆ ಅಂತ ಹಟ ಮಾಡಿ ವಾಟ ಉಲ್ಟಾ ಇಟ್ಟೆ. ಏಣಿ ಹತ್ತಿ ಒಂದು ಕೊಡ ನೀರು ಸುರಿದಾಗ ಅದು ಪೈಪಿನ ಕಡೆ ಹೋಗದೆ, ಗಂಭೀರವಾಗಿ ಗೋಡೆ ಮೂಲೆಗೆ ಹರಿದು ಬಂತು. ಕ್ಲಾಂಪ್ ಎಲ್ಲ ಬಿಚ್ಚಿ, ದಾರ ಕಟ್ಟಿ, 28 ಅಡಿಗೆ ಎರಡು ಇಂಚು ಇಳಿಜಾರು ಕೊಟ್ಟೆ. ಏಣಿಯಿಂದ ಇಳಿಯುವ ಮೊದಲು ಒಂದು ಕೊಡ ನೀರು ಸುರಿದು ನೋಡಿ, ಆಗಸ್ಟಿನ ತನಕ ಕಾಯಬೇಡಿ.

ಹೆಂಚು 37 ಒಡೆದಿದ್ದವು. ಬದಲಾಯಿಸಿದ್ದಾಯಿತು.

ಹಂತ 5: ಸಿಮೆಂಟ್ ಕಿತ್ತು ಸುಣ್ಣದ ಗಾರೆ (ಮಾರ್ಚ್)

ಸುಣ್ಣದ ಗಾರೆ ಗೊತ್ತಿರುವ ಮೇಸ್ತ್ರಿ ಸಿಗುವುದೇ ಕಷ್ಟ. ಮೂರು ಜನ "ಸಿಮೆಂಟಿಗೇ ಕೆಮಿಕಲ್ ಹಾಕಿ ಹೊಡೆಯೋಣ ಸಾರ್" ಅಂದರು. ನಾಲ್ಕನೆಯವರು ವಯಸ್ಸಾದವರು. ಗೋಡೆಯನ್ನು ಬೆರಳ ಗೆಣ್ಣಿನಲ್ಲಿ ತಟ್ಟಿ ನೋಡಿ, "ಬುಡ ಕೆಸರಲ್ಲಿಟ್ಟು ಮೈಗೆ ರೈನ್‌ಕೋಟ್ ಹಾಕಿದೀರಿ. ಒಳಗೇ ಬೆವರ್ತಾ ಕೂತಿದೆ" ಅಂದರು. ಅವರಿಗೇ ಕೆಲಸ ಕೊಟ್ಟೆ.

ಒಳಗಡೆ ಮೂರೂವರೆ ಅಡಿ ಎತ್ತರಕ್ಕೆ, ಹೊರಗೆ ಎರಡಡಿಗೆ ಸಿಮೆಂಟ್ ಕಿತ್ತರು. ಒಳಗಿನ ಜಂಬಿಟ್ಟಿಗೆ ನೆನೆದ ಬೆಲ್ಲದ ಅಚ್ಚಿನ ಬಣ್ಣಕ್ಕೆ ತಿರುಗಿತ್ತು. ಬೆರಳಿಟ್ಟರೆ ತಂಪು. ಮೂರು ವಾರ ಹಾಗೇ ಬಿಸಿಲು ಗಾಳಿಗೆ ಬಿಟ್ಟೆವು. ಮಾರ್ಚಿನ ಒಣ ಗಾಳಿಗೆ ಕಲ್ಲು ದಿನದಿನಕ್ಕೆ ಕೆಂಪಗಾಗುವುದು ಕಾಣುತ್ತಿತ್ತು, ಮೇಲಿನಿಂದ ಶುರುವಾಗಿ ಬುಡಕ್ಕೆ.

ಸುಟ್ಟ ಸುಣ್ಣವನ್ನು ನೀರಿಗೆ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕುದಿಯುತ್ತದೆ, ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಹತ್ತಿರ ಹೋಗಬಾರದು. ಮೇಸ್ತ್ರಿ ಹದಿನೈದು ದಿನ ನೆನೆಯಲಿ ಅಂದಿದ್ದರು. ನನಗೆ ರಜೆ ಮುಗಿಯುವ ಅವಸರ. ಮೂರನೇ ದಿನದ ಸುಣ್ಣದಲ್ಲೇ ಒಂದು ಮೂಲೆ ಮಾಡಿಸಿದೆ. ಅರಳದೇ ಉಳಿದಿದ್ದ ಹರಳುಗಳು ಗೋಡೆಯಲ್ಲಿ ಕೂತ ಮೇಲೆ ಅರಳಿ, ಕಡಲೆಕಾಳಿನಷ್ಟು ಬೊಕ್ಕೆಗಳಾಗಿ ಉದುರಿದವು. ಆ ಮೂಲೆ ಎರಡು ಸಲ ಮಾಡಿದ್ದಾಯಿತು. ಉಳಿದದ್ದಕ್ಕೆ ಜರಡಿ ಹಿಡಿದು, ಪೂರ್ತಿ ಹದಿನೈದು ದಿನ ನೆನೆಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಹಾಕಿದೆವು. ಮೊದಲ ವಾರ ದಿನಾ ನೀರು ಚಿಮುಕಿಸಿ ನಿಧಾನ ಒಣಗಿಸಿದರು.

ಹಂತ 6: ಗೋಡೆಗೆ ಕೊಳೆ ಔಷಧ (ಮೇ)

ಗಾರೆ ಒಣಗಿದ ಮೇಲೆ ಬರೀ ಸುಣ್ಣ ಬಳಿದರೂ ಸಾಕಿತ್ತು. ಆದರೆ ಅಡಿಕೆಗೆ ಕೊಳೆ ರೋಗ ಬಾರದಂತೆ ಸುಣ್ಣ, ಮೈಲುತುತ್ತ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಊರಿನಲ್ಲಿ ಹುಟ್ಟಿ ಮೈಲುತುತ್ತ (ತಾಮ್ರದ ಸಲ್ಫೇಟ್) ನೆನಪಾಗದೇ ಇರುತ್ತದೆಯೇ? ಹತ್ತು ಲೀಟರ್ ಸುಣ್ಣದ ನೀರಿಗೆ ನೂರು ಗ್ರಾಂ ತುತ್ತ ಅಂತ ಲೆಕ್ಕ ಹಾಕಿದೆ.

ತುತ್ತ ಕರಗಿಸಲು ಕಬ್ಬಿಣದ ಬಕೆಟ್ ತಗೊಂಡೆ. ಐದು ನಿಮಿಷದಲ್ಲಿ ಬಕೆಟ್ಟಿನ ಒಳಗೆಲ್ಲ ತಾಮ್ರದ ಬಣ್ಣ ಹತ್ತಿತು, ನೀರಿನ ನೀಲಿ ಸಪ್ಪೆಯಾಯಿತು. ಆಚೆಮನೆ ದೊಡ್ಡಪ್ಪ ಬೇಲಿ ಹತ್ತಿರ ನಿಂತು ನೋಡುತ್ತಿದ್ದರು. "ಎಂಥ ಮಾರಾಯ, ಗೋಡೆಗೂ ಕೊಳೆ ಬಂತಾ? ಪ್ಲಾಸ್ಟಿಕ್ ಡ್ರಮ್ ತಗಾ. ತುತ್ತದ ನೀರನ್ನ ಸುಣ್ಣದ ನೀರಿಗೆ ಹಾಕು, ತಿರುಗಿಸ್ತಾ ಹಾಕು." ಆಮೇಲೆ ಅವರೇ ಸೊಂಟದ ಚಾಕು ತೆಗೆದು ಅದ್ದಿ ನೋಡಿದರು. ತೋಟದಲ್ಲಿ ಮಾಡುವ ಪರೀಕ್ಷೆಯೇ ಅದು: ಚಾಕುವಿಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು. ಹತ್ತಲಿಲ್ಲ. ತೆಳ್ಳಗೆ ಮೂರು ಕೋಟ್ ಬಳಿದೆ. ಗೋಡೆ ತಿಳಿ ನೀಲಿಯಾಗಿದೆ. ಅಮ್ಮನಿಗೆ ಇಷ್ಟವಿಲ್ಲ, "ಆಸ್ಪತ್ರೆ ಕಂಡ ಹಾಗಿದೆ" ಅನ್ನುತ್ತಾರೆ. ತುತ್ತ ವಿಷ, ಗ್ಲೌಸ್ ಬೇಕು. ಅಡುಗೆಮನೆ ಗೋಡೆಗೆ ಬರೀ ಸುಣ್ಣವೇ.

ಹಂತ 7: ಎರಡನೇ ಸಲ ಬೀಗ (2024 ಜೂನ್ 2)

ಈ ಸಲ ಎಲ್ಲ ಉಲ್ಟಾ. ಥರ್ಮೋಕೋಲ್ ಕಿತ್ತು ಗವಾಕ್ಷಿಗೆ ಸೊಳ್ಳೆ ಜಾಲರಿ ಹೊಡೆದೆ. ಒಳಬಾಗಿಲುಗಳನ್ನು ತೆರೆದೇ ಬಿಟ್ಟು, ಬಡಿದುಕೊಳ್ಳದ ಹಾಗೆ ಹಗ್ಗ ಕಟ್ಟಿದೆ. ಬೀರು, ಮಂಚ ಎಲ್ಲ ಗೋಡೆಯಿಂದ ನಾಲ್ಕು ಇಂಚು ಈಚೆಗೆ. ಪ್ಲಾಸ್ಟಿಕ್ ಎಲ್ಲೂ ಇಲ್ಲ, ಧೂಳಿಗೆ ಹಳೆ ಕಾಟನ್ ಸೀರೆ ಹೊದಿಸಿದೆ. ರೇಷ್ಮೆ, ಹಾಸಿಗೆ, ಅಜ್ಜನ ಫೋಟೊ ಬೆಂಗಳೂರಿಗೆ. ಎರಚಲು ಬಡಿಯುವ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸಿದೆ. ಸೋಗೆ ನಮ್ಮ ತೋಟದ್ದೇ, ಅರ್ಧ ದಿನದ ಕೆಲಸ. ಇದನ್ನು ಅಜ್ಜ ಪ್ರತಿ ಮೇ ತಿಂಗಳು ಮಾಡಿಸುತ್ತಿದ್ದರು. ಸಿಮೆಂಟ್ ಬಂದ ಮೇಲೆ ನಾವೇ ನಿಲ್ಲಿಸಿದ್ದು.

ಬಾಗಿಲು ಮುಚ್ಚಿಡುವ ಎರಡು ಬೀರುಗಳಿಗೆ ಮಾತ್ರ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಪೊಟ್ಟಣ, ಆರಾರು. ಗಾಳಿಯಾಡುವ ರೂಮಿಗೆ ಇದನ್ನು ತೂಗುಹಾಕುವುದು ತುಂಗೆಯನ್ನು ಚಮಚದಲ್ಲಿ ಮೊಗೆದ ಹಾಗೆ.

ಆಮೇಲೆ ಒಲೆ. ಅಮ್ಮನ ಮಾತು ಕೊನೆಗೂ ತಲೆಗೆ ಹೋಗಿತ್ತು. ಬೀಗದ ಕೈ ದೊಡ್ಡಪ್ಪನಿಗೆ ಕೊಟ್ಟು, ವಾರಕ್ಕೆ ಎರಡು ಸಲ ಬಚ್ಚಲೊಲೆಗೆ ಉರಿ ಹಾಕಲು ಕೇಳಿಕೊಂಡೆ. ದುಡ್ಡು ಅಂದರೆ ಬೈದರು. ಒಣಸೌದೆ ಎರಡು ಗಾಡಿ ಮೇ ತಿಂಗಳಲ್ಲೇ ಅಟ್ಟಕ್ಕೆ ಏರಿಸಿದ್ದೆ. ಹಸಿ ಸೌದೆಯಾದರೆ ಬರೀ ಹೊಗೆ.

2024 ಜುಲೈ 13–14: ನಡುವೆ ಒಂದು ಸಲ

ಪುನರ್ವಸು ಮಳೆ. ಕೊಡೆ ಇದ್ದೂ ನೆನೆದೆ. ಗಾಳಿಯ ತೇವ ಹೊರಗೆ ಶೇ. 97, ಹಜಾರದಲ್ಲಿ 88, ಆರ್‌ಸಿಸಿ ರೂಮಿನಲ್ಲಿ 93. ಬಚ್ಚಲೊಲೆ ಹಚ್ಚಿ ನೋಡೋಣ ಅಂತ ಕೂತೆ. ಒಂದು ಗಂಟೆಗೆ ಹಜಾರದ ಮೀಟರ್ ಇಳಿಯುವ ಬದಲು 92ಕ್ಕೆ ಏರಿತು! ಹೋಗಿ ನೋಡಿದರೆ ಹಂಡೆ ಮುಚ್ಚಳ ಪಕ್ಕದಲ್ಲಿ, ನೀರು ತಳತಳ ಕುದಿದು ಹಬೆಯೆಲ್ಲ ಒಳಗೆ ಬರುತ್ತಿದೆ. ಖಾಲಿ ಹಂಡೆಗೆ ಉರಿ ಹಾಕುವಂತಿಲ್ಲ, ನೀರು ಇರಲೇಬೇಕು. ಮುಚ್ಚಳ ಹಾಕಿ ಮೇಲೆ ಕಲ್ಲು ಹೇರಿದೆ, ಬಚ್ಚಲಿನ ಹೊರಗಿನ ಕಿಟಕಿ ತೆಗೆದೆ. ಮೂರು ಗಂಟೆಯಲ್ಲಿ ಹಜಾರ 79ಕ್ಕೆ ಬಂತು. ಉಷ್ಣತೆ 23ರಿಂದ 26. ಈ ಮುಚ್ಚಳದ ವಿಷಯ ದೊಡ್ಡಪ್ಪನಿಗೆ ಹೇಳಿದೆ. "ಅದೆಂತ ಹೊಸ್ತು, ನಾನು ಯಾವತ್ತೂ ಮುಚ್ಚಿಯೇ ಇಡೋದು" ಅಂದರು.

ಯಾರೋ ಹೇಳಿದರು ಅಂತ ಒಂದು ಬುಟ್ಟಿ ಇದ್ದಿಲನ್ನೂ ತೂಕ ಮಾಡಿ, ಸರಿಯಾಗಿ 1,000 ಗ್ರಾಂ ಇಟ್ಟು ಬಂದೆ.

2024 ಅಕ್ಟೋಬರ್ 16: ತೆಗೆದದ್ದು

ಬಾಗಿಲು ಒಂದೇ ತಳ್ಳಿಗೆ ತೆರೆಯಿತು. ಮುಗ್ಗಲು ಇಲ್ಲ, ಸ್ವಲ್ಪ ಹೊಗೆ ವಾಸನೆ ಇತ್ತು. ವಾಯವ್ಯದ ಗೋಡೆ ಬುಡದಲ್ಲಿ ಅರ್ಧ ಅಡಿ ಬಣ್ಣ ಗಾಢವಾಗಿದೆ, ಬೂಷ್ಟು ಇಲ್ಲ. ಮರದ ಬೀರುವಿನ ಕಾಲಿನ ಹತ್ತಿರ ಅಂಗೈಯಗಲ ಹಸಿರು, ಅಷ್ಟೇ. ಇದ್ದಿಲು 1,070 ಗ್ರಾಂ ತೂಗಿತು. ಮೂರು ತಿಂಗಳಿಗೆ ಕುಡಿದದ್ದು ಅರ್ಧ ಲೋಟ ನೀರು. ಅದನ್ನು ಒಲೆಗೆ ಹಾಕಿದೆ.

ಕ್ಯಾಲ್ಸಿಯಂ ಪೊಟ್ಟಣಗಳೆಲ್ಲ ನೀರು ತುಂಬಿ ಜೋತುಬಿದ್ದಿದ್ದವು. ಒಂದು ಒಡೆದು ಬೀರುವಿನಿಂದ ನೆಲಕ್ಕೆ ಇಳಿದಿತ್ತು. ಕೆಂಪು ಗಾರೆಯ ಮೇಲೆ ಎಷ್ಟು ಒರೆಸಿದರೂ ಆ ಜಾಗ ಮತ್ತೆ ಒದ್ದೆಯಾಗುತ್ತದೆ. ನಾಲ್ಕು ಸಲ ನೀರು ಹಾಕಿ ತೊಳೆದ ಮೇಲೆ ನಿಂತಿತು. ಮುಂದಿನ ವರ್ಷ ಪೊಟ್ಟಣದ ಕೆಳಗೆ ಪ್ಲಾಸ್ಟಿಕ್ ಟ್ರೇ.

ಖರ್ಚು ರೂಪಾಯಿಗಳಲ್ಲಿ: ಮೀಟರ್ 700, ಹೆಂಚು 1,480, ದೋಣಿ ಕ್ಲಾಂಪ್ ಪೈಪು 6,200, ಅಗೆದ ಕೂಲಿ 3,200, ಜಲ್ಲಿ 2,400, ಮೇಸ್ತ್ರಿ ಮತ್ತು ಕೈಯಾಳು 9,500, ಸುಣ್ಣ ಮರಳು 3,850, ತುತ್ತ ಬ್ರಷ್ 500, ಪೊಟ್ಟಣ 1,320, ಜಾಲರಿ 650. ಒಟ್ಟು 29,800. ಗುಳ್ಳೆ ಎದ್ದ ಪೇಂಟಿನ 6,800 ಸೇರಿಸಿದರೆ 36,600. ಸೌದೆ ನಮ್ಮದೇ, ಲೆಕ್ಕಕ್ಕಿಲ್ಲ. ಬಸ್ ಚಾರ್ಜೂ ಹಾಕಿಲ್ಲ, ಹಾಕಿದರೆ ಮನೆಯಲ್ಲಿ ಜಗಳ.

ಉಳಿದದ್ದು ಆರ್‌ಸಿಸಿ ರೂಮು. ತಾರಸಿಯ ಒಳಮೂಲೆಯಲ್ಲಿ ಎರಡಡಿ ಕಪ್ಪು ಹಾಗೇ ಇದೆ. ಅಲ್ಲಿಗೂ ಪ್ಲಾಸ್ಟಿಕ್ ಅಂಟಿಸಿ ನೋಡಿದೆ, ಹನಿ ಎರಡೂ ಕಡೆ. ಅಂದರೆ ಸೋರುತ್ತಲೂ ಇದೆ, ಬೆವರುತ್ತಲೂ ಇದೆ. ಒಲೆಯ ಬಿಸಿ ಅಲ್ಲಿ ತನಕ ಹೋಗುವುದೂ ಇಲ್ಲ. ಊರಲ್ಲಿ ಎಲ್ಲರೂ ಮಾಡುವ ಹಾಗೆ ತಾರಸಿ ಮೇಲೆ ಶೀಟಿನ ಮಾಡು ಕೂರಿಸುವುದೇ ದಾರಿ. ಕೇಳಿದ್ದಕ್ಕೆ ಸುಮಾರು 60 ಸಾವಿರ ಅಂದಿದ್ದಾರೆ. ದೀಪಾವಳಿ ಕಳೆದ ಮೇಲೆ ಅಳತೆಗೆ ಬರುತ್ತಾರಂತೆ. ಅಲ್ಲಿ ತನಕ ಆ ರೂಮಿನಿಂದ ಮಂಚ ಹೊರಗೆ ತಂದು ಜಗಲಿಯಲ್ಲಿ ಹಾಕಿದ್ದೇನೆ. ಅಮ್ಮ ಅದರ ಮೇಲೆ ಅಡಿಕೆ ಸುಲಿಯುತ್ತಾ ಕೂತಿದ್ದಾರೆ, ವಾಪಸ್ ಬೆಂಗಳೂರಿಗೆ ಯಾವಾಗ ಅಂತ ಇನ್ನೂ ಕೇಳಿಲ್ಲ.